ಕೂಡಿಸುವ ಮುನ್ನ ಕಳೆಯಬೇಕು

ಪಾಣೆಮಂಗಳೂರು ದಾರಿಗಳ ಊರು. ನೇತ್ರಾವತಿಯ ಒಂದು ದಡದಲ್ಲಿ ಬಿ. ಸಿ. ರೋಡು, ಇನ್ನೊಂದು ದಡದಲ್ಲಿ ಪಾಣೆಮಂಗಳೂರು. ನಡುವೆ ಹಳೆಯ ಸೇತುವೆಯೊಂದು, ಹೆದ್ದಾರಿಯ ಹೊಸ ಸೇತುವೆಯೊಂದು. ಇಲ್ಲಿಂದ ಒಂದು ದಾರಿ ಮೆಲ್ಕಾರ್, ಕಲ್ಲಡ್ಕ, ಮಾಣಿ, ಉಪ್ಪಿನಂಗಡಿಗಳನ್ನು ಹಾದು ಶಿರಾಡಿ ಘಟ್ಟವನ್ನೇರುತ್ತದೆ. ನದಿಯಾಚೆ ಬಿ. ಸಿ. ರೋಡಿನಲ್ಲಿ ಕವಲೊಡೆದ ಇನ್ನೊಂದು ದಾರಿ ಬೆಳ್ತಂಗಡಿ, ಉಜಿರೆಗಳ ಮೂಲಕ ಚಾರ್ಮಾಡಿ ಘಟ್ಟವನ್ನು ಸೇರುತ್ತದೆ. ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ದಿನಗಳಲ್ಲಿ, ರಜೆಯ ಬೆಳಗ್ಗೆ ಈ ಸೇತುವೆಯ ಬಳಿ ನಿಂತು ನೋಡಿದವರಿಗೆ ಒಂದು ನೋಟ ಪರಿಚಿತವಾಗಿರುವುದು: ಎತ್ತರವಾದ ಮೋಟಾರು ಸೈಕಲ್ಲುಗಳು ಸಾಲಾಗಿ ಘಟ್ಟದ ಕಡೆಗೆ ಹೊರಡುತ್ತವೆ. ಅವುಗಳ ಎರಡೂ ಪಕ್ಕದಲ್ಲಿ ಲೋಹದ ಪೆಟ್ಟಿಗೆಗಳು, ಮುಂದೆ ಕಬ್ಬಿಣದ ಕೊಳವೆಗಳ ಪಂಜರ, ಮೇಲೆ ಎರಡೋ ನಾಲ್ಕೋ ಹೆಚ್ಚಿನ ದೀಪಗಳು, ಹಿಂದೆ ಇನ್ನೊಂದು ಪೆಟ್ಟಿಗೆ. ಇವಕ್ಕೆ ‘ಸಾಹಸ ಮೋಟಾರು ಸೈಕಲ್ಲು’ ಎಂದು ಹೆಸರು. ಅದನ್ನು ಹೀಗೆ ಅಲಂಕರಿಸುವುದಕ್ಕೆ ‘ಹಾದಿಯಿಲ್ಲದ ಹಾದಿಗೆ ಸಜ್ಜುಗೊಳಿಸುವುದು’ ಎಂದು ಹೆಸರು.

ಈ ಸಜ್ಜುಗೊಳಿಸುವಿಕೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕೆಂದಿದ್ದೇವೆ. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇಂಥ ಯಂತ್ರದ ಹಂಬಲವುಂಟು. ಪ್ರೌಢಶಾಲೆಯವರಿಗೆ ಅದರ ಕನಸುಂಟು. ಹಂಬಲವನ್ನು ನಾವು ಹಳಿಯುವವರಲ್ಲ. ಯಂತ್ರವನ್ನು ಬಿಚ್ಚಿ ನೋಡಿ, ತನ್ನ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಬುದ್ಧಿ ವಿಜ್ಞಾನದ ವಿದ್ಯಾರ್ಥಿಗೆ ಭೂಷಣ. ಆದರೆ ಇಂದು ಅಂಗಡಿಗಳಲ್ಲಿ ನಡೆಯುತ್ತಿರುವುದು ಹೊಂದಿಸುವಿಕೆಯಲ್ಲ, ಹೇರುವಿಕೆ. ಗಟ್ಟಿ ನೆಲವಿಲ್ಲದಲ್ಲಿ ಓಡಬೇಕಾದ ಯಂತ್ರಕ್ಕೆ ಮೊದಲು ಮಾಡಬೇಕಾದುದು ಕೂಡಿಸುವುದಲ್ಲ, ಕಳೆಯುವುದು, ಕೊಳ್ಳುವುದಲ್ಲ, ಅಳೆಯುವುದು. ಇದು ನಮ್ಮ ವಾದ. ಇದಕ್ಕೆ ಆಧಾರ ರುಚಿಯಲ್ಲ, ಭೌತವಿಜ್ಞಾನ.

ನಾವು ಈ ತಪ್ಪನ್ನು ಮಾಡಿಯೇ ಈ ಮಾತನ್ನು ಕಲಿತೆವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ನಮ್ಮ ಮೋಟಾರು ಸೈಕಲ್ಲನ್ನು ಒಂದು ಕಾರ್ಖಾನೆಗೆ ಒಪ್ಪಿಸಿ, ಅಲ್ಲಿಯ ಕುಶಲಿಗಳು ಹೇಳಿದುದನ್ನೆಲ್ಲ ಹಾಕಿಸಿದೆವು. ನೋಟಕ್ಕೆ ಅದು ಸಹರಾ ಮರುಭೂಮಿಯನ್ನು ದಾಟಿ ಬಂದಂತಿತ್ತು. ಅಕ್ಟೋಬರಿನ ಒಂದು ದಿನ ಪಾಣೆಮಂಗಳೂರಿನ ಸಮೀಪದ ತೋಟದ ದಾರಿಯೊಂದರಲ್ಲಿ ಹೊಳೆಯ ಕಡೆಗೆ ಇಳಿಯುತ್ತಿದ್ದೆವು. ಮಳೆಗಾಲದ ಪಾಚಿ ಇನ್ನೂ ಒಣಗದ ಮುರಕಲ್ಲು. ವೇಗ ಕಾಲುನಡಿಗೆಯ ವೇಗ. ಮುಂದಿನ ಗಾಲಿ ಒಂದು ಗೇಣು ಪಕ್ಕಕ್ಕೆ ಜಾರಿತು, ಅಷ್ಟೆ. ಹಗುರವಾದ ಯಂತ್ರವಾಗಿದ್ದರೆ ಕಾಲೂರಿ ನಿಲ್ಲಿಸಿಕೊಳ್ಳಬಹುದಾಗಿತ್ತು. ಆದರೆ ಭಾರ ಒಮ್ಮೆ ವಾಲಿದ ಮೇಲೆ ನಮ್ಮ ಕಾಲು ಅದನ್ನು ತಡೆಯಲಾರದಾಯಿತು. ಕಾಲು ಪೆಟ್ಟಿಗೆಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತು. ತೋಟದಲ್ಲಿದ್ದ ಇಬ್ಬರು ಓಡಿಬಂದು ಎತ್ತಿರದಿದ್ದರೆ ನಾವು ಅಲ್ಲಿಯೇ ಎಷ್ಟು ಹೊತ್ತು ಬಿದ್ದಿರಬೇಕಾಗಿತ್ತೋ ತಿಳಿಯದು. ಮೂರು ವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದಾಗ ಯೋಚಿಸಲು ಬೇಕಾದಷ್ಟು ಬಿಡುವು ದೊರೆಯಿತು. ಕಾಲು ನೆಟ್ಟಗಾದೊಡನೆ ಮಾಡಿದ ಮೊದಲ ಕೆಲಸ, ಹಾಕಿಸಿದುದನ್ನೆಲ್ಲ ಬಿಚ್ಚಿ ಅಡಕೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದುದು. ಒಟ್ಟು ೩೧ ಕಿಲೋಗ್ರಾಂ! ಪೆಟ್ಟಿಗೆಗಳೊಳಗೆ ಆಗ ಏನೂ ಇರಲಿಲ್ಲ.

ಸಾಹಸ ಮೋಟಾರು ಸೈಕಲ್ಲು ಎಂದರೇನು? ಟಾರು ರಸ್ತೆಯಲ್ಲಿ ದೂರ ಪ್ರಯಾಣ ಮಾಡಲೂ, ರಸ್ತೆ ಮುಗಿದಲ್ಲಿ ಮಣ್ಣು ಕಲ್ಲುಗಳ ಮೇಲೆ ಮುಂದುವರಿಯಲೂ ಆಗುವಂತೆ ರಚಿಸಿದ ಯಂತ್ರ. ಈ ಬಗೆಯ ಯಂತ್ರಕ್ಕೆ ಹೆಸರು ತಂದುಕೊಟ್ಟದ್ದು ಆಫ್ರಿಕದ ಮರುಭೂಮಿಯ ಓಟ. ೧೯೭೮ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಹೊರಟು ೧೯೭೯ರ ಜನವರಿಯಲ್ಲಿ ಸೆನೆಗಲ್ ದೇಶದ ಡಾಕರ್ ನಗರವನ್ನು ಮುಟ್ಟಿದ ಮೊದಲ ಡಾಕರ್ ಓಟವನ್ನು ಗೆದ್ದವನು ಫ್ರಾನ್ಸಿನ ಸಿರಿಲ್ ನೆವೊ. ಅವನು ಏರಿದ್ದುದು ಯಮಾಹ ಎಕ್ಸ್‌ಟಿ ೫೦೦ ಎಂಬ, ಒಂದೇ ಸಿಲಿಂಡರಿನ ಸರಳ ಯಂತ್ರ. ೧೯೮೦ರಲ್ಲಿ ಬಿಎಂಡಬ್ಲ್ಯು ಸಂಸ್ಥೆ ಎರಡು ಸಿಲಿಂಡರುಗಳ ಆರ್ ೮೦ ಜಿ/ಎಸ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆ ದೊಡ್ಡ ಸಾಹಸ ಯಂತ್ರಗಳ ಯುಗ ಆರಂಭವಾಯಿತು. ಮುಂದೆ ಯಂತ್ರಗಳು ದೊಡ್ಡವಾಗುತ್ತ, ವೇಗವಾಗುತ್ತ ಹೋದವು. ಕೊನೆಗೆ ೨೦೧೧ರಿಂದ ಡಾಕರ್ ಓಟದ ಮೋಟಾರು ಸೈಕಲ್ಲುಗಳ ಎಂಜಿನು ೪೫೦ ಘನ ಸೆಂಟಿಮೀಟರನ್ನು ಮೀರಕೂಡದೆಂದು ವಿಧಿಸಲಾಯಿತು. ಜಗತ್ತಿನ ಅತಿ ಕಠಿನವಾದ ಓಟವೇ ಸಣ್ಣ ಎಂಜಿನಿಗೆ ಮರಳಿತು. ಆದರೆ ನಮ್ಮ ಅಂಗಡಿಗಳು ಇನ್ನೂ ಹೇರುತ್ತಲೇ ಇವೆ.

ಕರ್ನಾಟಕಕ್ಕೂ ಮೋಟಾರು ಸೈಕಲ್ಲಿಗೂ ಹಳೆಯ ನಂಟು. ೧೯೬೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನ ೨೫೦ ಘನ ಸೆಂಟಿಮೀಟರಿನ ಯಂತ್ರಗಳನ್ನು ೧೯೯೬ರಲ್ಲಿ ಮುಚ್ಚುವವರೆಗೂ ತಯಾರಿಸಿತು. ಮಲೆನಾಡಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಇವುಗಳ ಸದ್ದನ್ನು ಕೇಳಿ ಬೆಳೆದವರು ಅನೇಕರು. ‘ಸಾಹಸ’ ಎಂಬ ವಿಶೇಷಣ ಅವುಗಳಿಗಿರಲಿಲ್ಲ. ಒದೆದು ಚಾಲೂ ಮಾಡುವ ಸನ್ನೆಗೋಲೇ ಗೇರು ಬದಲಿಸುವ ಸನ್ನೆಗೋಲೂ ಆಗಿತ್ತು. ಒಂದರಲ್ಲಿ ಎರಡು ಕೆಲಸ! ಕಳೆಯುವ ಕಲೆಯನ್ನು ಹಳೆಯ ಯಂತ್ರಶಿಲ್ಪಿಗಳು ಬಲ್ಲವರಾಗಿದ್ದರು.

ಈಗ ವಿಷಯದ ಒಳಕ್ಕೆ ಹೋಗೋಣ. ಮೊದಲನೆಯದು ತೂಕ. ೨೦೨೩ರ ಕೊನೆಯಲ್ಲಿ ಹೊರಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ೪೫೦ ಯಂತ್ರದ ತೂಕ ಸುಮಾರು ೧೯೬ ಕಿಲೋಗ್ರಾಂ. ಹೀರೋ ಸಂಸ್ಥೆಯ ಎಕ್ಸ್‌ಪಲ್ಸ್ ೨೦೦ ಯಂತ್ರದ್ದು ಸುಮಾರು ೧೬೦. ಮೊದಲನೆಯದಕ್ಕೆ ನಮ್ಮ ಹಾಗೆ ೩೧ ಕಿಲೋಗ್ರಾಂ ಹೇರಿದರೆ ೨೨೭ ಆಯಿತು. ಟಾರು ರಸ್ತೆಯಲ್ಲಿ ಎಂಜಿನು ಈ ಭಾರವನ್ನು ಎಳೆದೊಯ್ಯುತ್ತದೆ. ಸವಾರನಿಗೆ ಅರಿವೇ ಆಗದು. ಕೆಸರಿನಲ್ಲಿ, ಕಡಿದಾದ ತಿರುವಿನಲ್ಲಿ, ಬಿದ್ದಾಗ ಎತ್ತುವಲ್ಲಿ, ಅದನ್ನು ಹೊರುವವನು ಸವಾರನೇ. ಆದುದರಿಂದ ರಸ್ತೆಯ ಮೇಲಿನ ಅನುಭವದಿಂದ ಭಾರದ ವಿಷಯವನ್ನು ತೀರ್ಮಾನಿಸುವುದು ಮೋಸ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯವಾದುದು ಅದು ಎಲ್ಲಿದೆ ಎಂಬುದು. ಸನ್ನೆಗೋಲಿನ ಪಾಠವನ್ನು ನೆನೆಯಿರಿ. ಎರಡು ಗಾಲಿಗಳ ಅಚ್ಚುಗಳ ನಡುವೆ ೧೫೦೦ ಮಿಲಿಮೀಟರ್ ಅಂತರವಿರುವ ಯಂತ್ರದಲ್ಲಿ ಹಿಂದಿನ ಅಚ್ಚಿನಿಂದ ೩೦೦ ಮಿಲಿಮೀಟರ್ ಆಚೆಗೆ ೨೦ ಕಿಲೋಗ್ರಾಂ ಭಾರದ ಪೆಟ್ಟಿಗೆಯನ್ನು ತೂಗಿಸಿದೆವೆನ್ನೋಣ. ಹಿಂದಿನ ಅಚ್ಚೇ ಆನಿಕೆಯಾಗುವುದರಿಂದ ಮುಂದಿನ ಗಾಲಿಯ ಮೇಲಿನ ಭಾರ ೪ ಕಿಲೋಗ್ರಾಂ ಕಡಮೆಯಾಗುತ್ತದೆ. ಹಿಂದಿನ ಗಾಲಿಯ ಮೇಲೆ ೨೪ ಕಿಲೋಗ್ರಾಂ ಏರುತ್ತದೆ. ದಿಕ್ಕನ್ನು ನಿರ್ಧರಿಸುವುದು ಮುಂದಿನ ಗಾಲಿ. ಅದನ್ನು ಹಗುರ ಮಾಡಿ, ಜಾರುವ ಏರಿನಲ್ಲಿ ಅದು ನಮ್ಮ ಮಾತನ್ನು ಕೇಳಲಿಲ್ಲವೆಂದು ದೂರುವುದು ನ್ಯಾಯವೆ? ಇದಲ್ಲದೆ, ತಿರುಗುವ ವಸ್ತುವಿನ ಜಡತ್ವ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎರಡರಷ್ಟು ದೂರದಲ್ಲಿಟ್ಟ ಭಾರ ತಿರುವನ್ನು ನಾಲ್ಕರಷ್ಟು ವಿರೋಧಿಸುತ್ತದೆ. ಸಾಮಾನನ್ನು ಒಯ್ಯಲೇಬೇಕಾದರೆ ಕೆಳಗೆ, ನಡುವೆ, ಮೆತ್ತನೆಯ ಬಟ್ಟೆಚೀಲದಲ್ಲಿ ಕಟ್ಟಿರಿ. ಲೋಹದ ಪೆಟ್ಟಿಗೆ ಹೆದ್ದಾರಿಗೆ ಅನುಕೂಲ; ಕಲ್ಲಿನ ಮೇಲೆ ಅದು ಕಾಲು ಮುರಿಯುವ ಅಡಕತ್ತರಿ.

ಎರಡನೆಯದು ಸ್ಪ್ರಿಂಗು. ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದ ನಿಯಮವನ್ನು ವಾಚಕರು ಬಲ್ಲರು: ಸ್ಪ್ರಿಂಗಿನ ಕುಗ್ಗುವಿಕೆ ಅದರ ಮೇಲಿನ ಬಲಕ್ಕೆ ಅನುಪಾತವಾಗಿರುತ್ತದೆ. ಮೋಟಾರು ಸೈಕಲ್ಲಿನ ಗಾಲಿ ಮೇಲೆ ಕೆಳಗೆ ಆಡಲು ಒಟ್ಟು ೨೦೦ ಮಿಲಿಮೀಟರ್ ಅವಕಾಶವಿದೆಯೆನ್ನೋಣ. ಸವಾರನು ಪೂರ್ಣ ಉಡುಪಿನೊಡನೆ ಕುಳಿತಾಗ ಇದರಲ್ಲಿ ಸುಮಾರು ಮೂರನೆಯ ಒಂದು ಭಾಗ, ಅಂದರೆ ೬೦ರಿಂದ ೭೦ ಮಿಲಿಮೀಟರ್, ಕುಸಿದಿರಬೇಕು. ಉಳಿದುದು ಉಬ್ಬುಗಳನ್ನು ನುಂಗಲು. ಕುಸಿದ ಭಾಗವು ಗಾಲಿ ಗುಂಡಿಗೆ ಇಳಿದು ನೆಲವನ್ನು ಬಿಡದೆ ಹಿಂಬಾಲಿಸಲು. ಇದನ್ನು ಪರೀಕ್ಷಿಸಲು ಒಂದು ಅಳತೆಪಟ್ಟಿ, ಇಬ್ಬರು ಗೆಳೆಯರು ಸಾಕು. ಗಾಲಿ ನೆಲಬಿಡುವಂತೆ ಯಂತ್ರವನ್ನೆತ್ತಿ, ಅಚ್ಚಿನಿಂದ ಮೇಲಿನ ಒಂದು ಗುರುತಿಗೆ ಅಳೆಯಿರಿ, ಸವಾರನು ಕುಳಿತ ಮೇಲೆ ಮತ್ತೊಮ್ಮೆ ಅಳೆಯಿರಿ, ವ್ಯತ್ಯಾಸವೇ ಉತ್ತರ. ಇಷ್ಟು ಸುಲಭವಾದ ಅಳತೆಯನ್ನು ಮಾಡಿಕೊಂಡ ಸವಾರರನ್ನು ನಾವು ಬೆರಳೆಣಿಕೆಯಷ್ಟೇ ಕಂಡಿದ್ದೇವೆ. ಸಾವಿರಾರು ರೂಪಾಯಿ ಕೊಟ್ಟು ದೀಪ ಹಾಕಿಸಿದವರಿಗೆ ಲೆಕ್ಕವಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಸ್ಪ್ರಿಂಗಿನ ತುದಿಯ ಬಳೆಯನ್ನು ತಿರುಗಿಸಿ ಬಿಗಿಮಾಡಿದರೆ ಸ್ಪ್ರಿಂಗು ಗಡುಸಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಗಡುಸುತನ ಸ್ಪ್ರಿಂಗಿನ ಲೋಹ, ತಂತಿಯ ದಪ್ಪ, ಸುತ್ತುಗಳ ಅಗಲ ಹಾಗೂ ಸಂಖ್ಯೆಗಳನ್ನು ಅವಲಂಬಿಸಿದ ಗುಣ. ಬಳೆ ಅದನ್ನು ಬದಲಿಸಲಾರದು. ಬಳೆಯನ್ನು ಬಿಗಿಮಾಡಿದಾಗ ಆಗುವುದು, ಯಂತ್ರ ಅದೇ ಭಾರಕ್ಕೆ ಸ್ವಲ್ಪ ಎತ್ತರದಲ್ಲಿ ನಿಲ್ಲುವುದು ಮಾತ್ರ. ಬಳೆಯನ್ನು ಎಷ್ಟು ತಿರುಗಿಸಿದರೂ ಕುಸಿತ ಸರಿಹೋಗದಿದ್ದರೆ ಆಗ ಬೇರೆ ಗಡುಸಿನ ಸ್ಪ್ರಿಂಗು ಬೇಕೆಂದು ತಿಳಿಯತಕ್ಕದ್ದು. ಆದರೆ ಅದಕ್ಕೆ ಮುಂಚೆ ಹೇರಿದ ಭಾರವನ್ನು ಇಳಿಸಿ ಒಮ್ಮೆ ಅಳೆದು ನೋಡಿರಿ. ನಮ್ಮ ಯಂತ್ರಕ್ಕೆ ಹೊಸ ಸ್ಪ್ರಿಂಗು ಅನಿವಾರ್ಯವೆಂದು ಹೇಳಿದ್ದರು. ೩೧ ಕಿಲೋಗ್ರಾಂ ಇಳಿಸಿದ ಮೇಲೆ ಕಾರ್ಖಾನೆಯಿಂದ ಬಂದ ಸ್ಪ್ರಿಂಗೇ ಸರಿಹೋಯಿತು.

ಯಂತ್ರವನ್ನು ಎತ್ತರಿಸುವ ಚಪಲವೂ ಉಂಟು. ನೆಲಕ್ಕೂ ಎಂಜಿನಿನ ತಳಕ್ಕೂ ಅಂತರ ಹೆಚ್ಚಿದಷ್ಟೂ ಕಲ್ಲು ತಗಲದೆಂಬುದು ನಿಜ. ಆದರೆ ಪ್ರಕೃತಿಯ ಅಂಗಡಿಯಲ್ಲಿ ಬಿಟ್ಟಿ ವಸ್ತುವಿಲ್ಲ. ೨೦೨೩ರಲ್ಲಿ ಹೀರೋ ಸಂಸ್ಥೆ ತನ್ನ ಎಕ್ಸ್‌ಪಲ್ಸ್ ೨೦೦ ಯಂತ್ರದ ‘ಪ್ರೊ’ ಎಂಬ ರೂಪವನ್ನು ತಂದಾಗ ನೆಲದ ಅಂತರವನ್ನು ೨೨೦ರಿಂದ ೨೭೦ ಮಿಲಿಮೀಟರಿಗೆ ಏರಿಸಿತು. ಜೊತೆಯಲ್ಲೇ ಆಸನದ ಎತ್ತರ ೮೨೫ರಿಂದ ೮೯೧ ಮಿಲಿಮೀಟರಿಗೆ ಏರಿತು. ಸಾಮಾನ್ಯ ಎತ್ತರದ ಸವಾರನ ಕಾಲು ಇಷ್ಟೆತ್ತರದಿಂದ ನೆಲಕ್ಕೆ ಪೂರ್ಣವಾಗಿ ಎಟುಕದು. ತಯಾರಕರು ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಾರೆ. ನಾವು ಹಿತ್ತಿಲಲ್ಲಿ ಹಿಂಭಾಗವನ್ನು ಮಾತ್ರ ಎತ್ತರಿಸಿದರೆ ಮುಂದಿನ ಫೋರ್ಕಿನ ಓರೆ ಬದಲಾಗಿ, ಮುಂಗಾಲಿ ನೇರವಾಗಿ ಸಾಗುವ ಸ್ಥೈರ್ಯವನ್ನು ಕಳೆದುಕೊಳ್ಳುತ್ತದೆ. ಚೈನಿನ ಸಡಿಲ ಬದಲಾಗುತ್ತದೆ. ಪಕ್ಕದ ಆನಿಕೆಗೋಲು ಗಿಡ್ಡವಾಗಿ ಯಂತ್ರ ನಿಂತಲ್ಲೇ ಉರುಳುತ್ತದೆ. ಮುಂಭಾಗವನ್ನು ಎತ್ತರಿಸಿದರೆ, ಎಲ್ಲಕ್ಕೂ ಭಯಂಕರವಾದುದು, ಬ್ರೇಕಿನ ಎಣ್ಣೆಯ ಕೊಳವೆ ಉದ್ದ ಸಾಲದೆ ಬಿಗಿದುಕೊಳ್ಳುತ್ತದೆ. ಗಾಲಿ ಗುಂಡಿಗಿಳಿದ ಕ್ಷಣದಲ್ಲಿ ಅದು ಕಿತ್ತರೆ ಮುಂದೇನೆಂಬುದನ್ನು ಹೇಳಬೇಕಾಗಿಲ್ಲ.

ಮೂರನೆಯದು ಟೈರು. ಹಣ ವ್ಯಯ ಮಾಡುವುದಾದರೆ ಮೊದಲು ಇಲ್ಲಿ ಮಾಡಬಹುದು. ಆದರೆ ಹಣಕ್ಕಿಂತ ಮುಂಚೆ ಇಲ್ಲಿಯೂ ಒಂದು ಲೆಕ್ಕವುಂಟು. ಟೈರು ನೆಲವನ್ನು ಒತ್ತುವ ವಿಸ್ತೀರ್ಣವನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು: ಗಾಲಿಯ ಮೇಲಿನ ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿರಿ. ಹಿಂದಿನ ಗಾಲಿಯ ಮೇಲೆ ೧೫೦ ಕಿಲೋಗ್ರಾಂ ಭಾರವಿದ್ದು, ಒತ್ತಡ ಚದರ ಸೆಂಟಿಮೀಟರಿಗೆ ೨.೨೫ ಕಿಲೋಗ್ರಾಂ ಇದ್ದರೆ ವಿಸ್ತೀರ್ಣ ಸುಮಾರು ೬೭ ಚದರ ಸೆಂಟಿಮೀಟರ್. ಒತ್ತಡವನ್ನು ೧.೨೫ಕ್ಕೆ ಇಳಿಸಿದರೆ ೧೨೦. ಒಂದು ಪೈಸೆಯ ವೆಚ್ಚವಿಲ್ಲದೆ ಹಿಡಿತದ ನೆಲೆ ಸುಮಾರು ಎರಡರಷ್ಟಾಯಿತು. ಟೈರು ಕಲ್ಲಿನ ಮೇಲೆ ಪುಟಿಯುವುದರ ಬದಲು ಅದನ್ನು ಅಪ್ಪಿಕೊಳ್ಳುತ್ತದೆ. ಇದಕ್ಕೂ ಬೆಲೆಯುಂಟು. ಗಾಳಿ ತೀರ ಕಡಮೆಯಾದರೆ ಟ್ಯೂಬು ಕಲ್ಲಿಗೂ ಗಾಲಿಯ ಅಂಚಿಗೂ ನಡುವೆ ಸಿಕ್ಕಿ ಹರಿಯುತ್ತದೆ, ಅಂಚು ನೆಗ್ಗುತ್ತದೆ. ಮರಳಿ ಟಾರು ರಸ್ತೆಗೆ ಬಂದೊಡನೆ ಗಾಳಿ ತುಂಬದಿದ್ದರೆ ಟೈರು ಕಾದು ಕೆಡುತ್ತದೆ. ಆದುದರಿಂದ ಒತ್ತಡಮಾಪಕವೂ ಚಿಕ್ಕ ಪಂಪೂ ಚೀಲದಲ್ಲಿರಬೇಕು. ನಮ್ಮ ಮಟ್ಟಿಗೆ ನಾಲ್ಕು ದೀಪಗಳಿಗಿಂತ ಈ ಎರಡು ಸಲಕರಣೆಗಳು ಹೆಚ್ಚು ಬೆಲೆಬಾಳುವಂಥವು.

ದೊಡ್ಡ ಗಡ್ಡೆಗಳ ಮಣ್ಣಿನ ಟೈರು ಮೆದು ನೆಲವನ್ನು ಚೆನ್ನಾಗಿ ಅಗೆದು ಹಿಡಿಯುತ್ತದೆ. ಆದರೆ ಒದ್ದೆಯಾದ ಟಾರಿನ ಮೇಲೆ ಅದರ ರಬ್ಬರಿನ ಸ್ವಲ್ಪ ಭಾಗ ಮಾತ್ರ ನೆಲಕ್ಕೆ ತಾಗುತ್ತದೆ; ಗಡ್ಡೆಗಳು ಬಳುಕುತ್ತವೆ; ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ. ಪಾಣೆಮಂಗಳೂರಿನಿಂದ ದಿನವೂ ಮಂಗಳೂರಿನ ಕಾಲೇಜಿಗೆ ಹೆದ್ದಾರಿಯಲ್ಲಿ ಹೋಗಿಬರುವ ವಿದ್ಯಾರ್ಥಿ, ತಿಂಗಳಿಗೊಮ್ಮೆ ಮಣ್ಣುದಾರಿಗಿಳಿಯುವ ಸಲುವಾಗಿ ಇಂಥ ಟೈರನ್ನು ಹಾಕಿಕೊಂಡು ಭಾರವಾದ ಲಾರಿಗಳ ನಡುವೆ ಓಡುವುದು ವಿವೇಕವೆ? ತಾನು ನಿಜವಾಗಿ ಓಡಿಸುವ ದಾರಿ ಯಾವುದೆಂದು ಲೆಕ್ಕವಿಟ್ಟುಕೊಂಡು ಟೈರನ್ನು ಆರಿಸಬೇಕು. ಕನಸಿನ ದಾರಿಗಾಗಿ ಅಲ್ಲ.

ನಾಲ್ಕನೆಯದು ಹಲ್ಲುಗಾಲಿ. ಎಂಜಿನಿಗೆ ಬಲ ಸಾಲದೆಂದು ಅದರ ಹೊಟ್ಟೆ ಕೊಯ್ಯಲು ಹೊರಡುವವರುಂಟು. ಚೈನನ್ನು ತಿರುಗಿಸುವ ಮುಂದಿನ ಹಲ್ಲುಗಾಲಿಗೆ ೧೫ ಹಲ್ಲು, ಹಿಂದಿನದಕ್ಕೆ ೪೫ ಇದ್ದರೆ ಪ್ರಮಾಣ ೩. ಮುಂದಿನದನ್ನು ೧೪ ಹಲ್ಲಿನದಾಗಿ ಬದಲಿಸಿದರೆ ಪ್ರಮಾಣ ೩.೨೧. ಗಾಲಿಯನ್ನು ತಳ್ಳುವ ಬಲ ಪ್ರತಿಯೊಂದು ಗೇರಿನಲ್ಲೂ ನೂರಕ್ಕೆ ೭ರಷ್ಟು ಹೆಚ್ಚಿತು. ಅದೇ ಎಂಜಿನು ವೇಗಕ್ಕೆ ಯಂತ್ರದ ಓಟ ಸುಮಾರು ಅಷ್ಟೇ ತಗ್ಗಿತು. ಬಲವನ್ನು ಕೊಂಡು ವೇಗವನ್ನು ತೆರುವ ಈ ವ್ಯಾಪಾರ ಏಣಿ, ರಾಟೆ, ಸನ್ನೆಗೋಲುಗಳಷ್ಟೇ ಹಳೆಯದು. ಕಲ್ಲಿನ ಏರಿನಲ್ಲಿ ಕ್ಲಚ್ಚನ್ನು ಸುಡದೆ ಮೆಲ್ಲನೆ ಹತ್ತಲು ಇದು ಸಾಕು.

ಐದನೆಯದು ನೀರು. ನಮ್ಮ ಹೊಳೆ ತೋಡುಗಳನ್ನು ದಾಟುವವರು ಹೊಗೆಕೊಳವೆಗೆ ನೀರು ನುಗ್ಗೀತೆಂದು ಹೆದರುತ್ತಾರೆ. ಎಂಜಿನು ಓಡುತ್ತಿರುವವರೆಗೆ ಹೊರಬರುವ ಹೊಗೆಯೇ ನೀರನ್ನು ತಡೆಯುತ್ತದೆ. ಹೆದರಬೇಕಾದುದು ಎಂಜಿನು ಉಸಿರೆಳೆಯುವ ಬಾಯಿಗೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿನೊಳಗೆ ನೀರು ಸೇರಿದಾಗ ಮೇಲೇರುವ ಪಿಸ್ಟನ್ನು ಬಂಡೆಗೆ ಬಡಿದಂತಾಗಿ, ಅದನ್ನು ಹೊತ್ತ ದಂಡ ಬಾಗುತ್ತದೆ ಇಲ್ಲವೆ ಮುರಿಯುತ್ತದೆ. ನಿಮ್ಮ ಯಂತ್ರದ ಗಾಳಿಯ ಬಾಯಿ ನೆಲದಿಂದ ಎಷ್ಟೆತ್ತರದಲ್ಲಿದೆಯೆಂದು ಇಂದೇ ಅಳೆದು ಬರೆದಿಡಿರಿ. ಕೋಲಿನಿಂದ ನೀರಿನ ಆಳವನ್ನು ನೋಡದೆ ಇಳಿಯಬೇಡಿರಿ. ಮುಳುಗಿ ನಿಂತ ಯಂತ್ರವನ್ನು ಗುಂಡಿಯೊತ್ತಿ ಚಾಲೂ ಮಾಡಕೂಡದು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಮೊದಲು ನೀರನ್ನು ಹೊರಹಾಕಬೇಕು. ಮಳೆಗಾಲದ ನೇತ್ರಾವತಿಯಾಗಲಿ, ಅದನ್ನು ಸೇರುವ ಹೊಳೆಗಳಾಗಲಿ ಯಾವ ಯಂತ್ರಕ್ಕೂ ದಾಟುವ ಸ್ಥಳವಲ್ಲ. ಹರಿವ ನೀರಿನ ನೂಕುಬಲ ವೇಗದ ವರ್ಗದಂತೆ ಏರುವುದೆಂಬುದನ್ನು ಮರೆತವರಿಗೆ ಅದು ಎರಡನೆಯ ಪಾಠ ಹೇಳುವುದಿಲ್ಲ.

ಹಾಗಾದರೆ ಕೂಡಿಸಲು ಯೋಗ್ಯವಾದುದು ಏನೂ ಇಲ್ಲವೆ? ಉಂಟು. ಎಂಜಿನಿನ ತಳವನ್ನು ಕಲ್ಲಿನಿಂದ ಕಾಯುವ ತಗಡು, ಕೈಗಳನ್ನೂ ಬ್ರೇಕು ಕ್ಲಚ್ಚುಗಳ ಸನ್ನೆಗೋಲುಗಳನ್ನೂ ರಕ್ಷಿಸುವ ಕಾವಲು, ಕೆಸರಿನಲ್ಲಿ ಜಾರದ ಹಲ್ಲುಳ್ಳ ಕಾಲುಮೆಟ್ಟು: ಇವು ಹಗುರವಾಗಿದ್ದು ತಮ್ಮ ತೂಕಕ್ಕಿಂತ ಹೆಚ್ಚಿನ ಉಪಕಾರ ಮಾಡುತ್ತವೆ. ಹಿಡಿಕೆಯ ಓರೆಯನ್ನೂ ಸನ್ನೆಗೋಲುಗಳ ಎತ್ತರವನ್ನೂ ಸವಾರನು ನಿಂತು ಓಡಿಸಲು ಅನುಕೂಲವಾಗುವಂತೆ ತಿರುಗಿಸಿಕೊಳ್ಳಬೇಕು. ಅದಕ್ಕೆ ಬೇಕಾದುದು ಒಂದು ಪಾನಾ ಮಾತ್ರ. ಕಾಲುಮೆಟ್ಟಿನ ಮೇಲೆ ನಿಂತರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ನಿಂತ ಮನುಷ್ಯನ ಗುರುತ್ವಕೇಂದ್ರ ಕುಳಿತವನದಕ್ಕಿಂತ ಮೇಲಿರುತ್ತದೆ. ನಿಲ್ಲುವುದರ ಲಾಭ ಬೇರೆ: ಸವಾರನ ಭಾರ ಆಸನದ ಬದಲು ತಗ್ಗಿನ ಕಾಲುಮೆಟ್ಟಿನ ಮೂಲಕ ಯಂತ್ರಕ್ಕೆ ತಲಪುತ್ತದೆ, ಮಂಡಿಗಳೇ ಸ್ಪ್ರಿಂಗಾಗುತ್ತವೆ, ಯಂತ್ರವು ಅವನ ಕೆಳಗೆ ಸ್ವತಂತ್ರವಾಗಿ ವಾಲಾಡುತ್ತದೆ. ನಿಜವಾದ ಕಾರಣವನ್ನು ತಿಳಿದವನು ಯಾವಾಗ ನಿಲ್ಲಬೇಕು, ಯಾವಾಗ ಕುಳಿತು ಕಾಲೂರಬೇಕು ಎಂಬುದನ್ನೂ ತಿಳಿಯುತ್ತಾನೆ. ಇವೆಲ್ಲಕ್ಕೂ ಮುಂಚೆ ಕೊಳ್ಳಬೇಕಾದುದು ಒಳ್ಳೆಯ ಹೆಲ್ಮೆಟ್ಟು, ಗಟ್ಟಿ ಬೂಟು, ಮಂಡಿಯ ಕವಚ, ಕೈಗವಸು. ನಮಗೆ ಅಂದು ಆ ಬೂಟು ಇದ್ದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಕಾನೂನಿನ ಮಾತು ಬಂದಾಗ ಕೆಲವರು ಮುಖ ಸಿಂಡರಿಸುತ್ತಾರೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ೫೦೦೦ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಯುವಕರ ಸೃಷ್ಟಿಶೀಲತೆಗೆ ಇದು ಸಂಕೋಲೆಯೆಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಮನೆಯಲ್ಲಿ ಶ್ರದ್ಧೆಯಿಂದ ಮಾಡಿದ ಒಳ್ಳೆಯ ಬದಲಾವಣೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸುಲಭವಾದ ದಾರಿಯಿದ್ದರೆ ದೇಶಕ್ಕೆ ಲಾಭವೇ. ಆದರೆ ಬ್ರೇಕಿನ ಕೊಳವೆಯ ಕಥೆಯನ್ನು ನೆನೆದರೆ ಕಾನೂನಿನ ಉದ್ದೇಶ ಅರ್ಥವಾಗುತ್ತದೆ. ರಸ್ತೆಯಲ್ಲಿ ನಾವೊಬ್ಬರೇ ಇರುವುದಿಲ್ಲ. ಚೌಕಟ್ಟನ್ನು ಕೊಯ್ಯುವುದು, ಎಂಜಿನನ್ನು ಬದಲಿಸುವುದು, ಹೊಗೆಕೊಳವೆಯ ಸದ್ದಡಗಿಸುವ ಭಾಗವನ್ನು ಕಿತ್ತು ಊರಿನ ನಿದ್ದೆ ಕೆಡಿಸುವುದು, ಇವು ಸರ್ವಥಾ ಸಲ್ಲವು. ಗಾಳಿಯ ಒತ್ತಡ, ಸ್ಪ್ರಿಂಗಿನ ಬಳೆ, ಹಿಡಿಕೆಯ ಓರೆ, ಭಾರದ ಹಂಚಿಕೆ, ಇವು ತಯಾರಕರೇ ನಮಗೆ ಬಿಟ್ಟುಕೊಟ್ಟಿರುವ ಹೊಂದಿಕೆಗಳು; ಪ್ರಯೋಜನದ ಹೆಚ್ಚಿನ ಭಾಗ ಇವುಗಳಲ್ಲೇ ಇದೆ. ಹದಿನೆಂಟು ತುಂಬುವವರೆಗೆ ಗೇರಿನ ಮೋಟಾರು ಸೈಕಲ್ಲಿಗೆ ಪರವಾನಗಿಯಿಲ್ಲವೆಂಬುದನ್ನು ಪ್ರೌಢಶಾಲೆಯ ವಾಚಕರು ನೆನಪಿಟ್ಟುಕೊಂಡು ಅದುವರೆಗೆ ಸ್ಪ್ರಿಂಗು ಸನ್ನೆಗೋಲುಗಳನ್ನು ಕಲಿಯಲಿ.

ಇನ್ನೊಂದು ಮಾತು, ನಮಗೆ ಇದು ಎಲ್ಲಕ್ಕಿಂತ ಮುಖ್ಯ. ‘ಹಾದಿಯಿಲ್ಲದ ಹಾದಿ’ ಎಲ್ಲಿದೆ? ಬೆಳ್ತಂಗಡಿಯ ಮೇಲೆ ಎದ್ದು ನಿಂತ ಘಟ್ಟದ ನೆತ್ತಿಯಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲುಗಳೂ ಶೋಲಾ ಕಾಡುಗಳೂ ಇವೆ. ಹಸುರಾದ ಆ ಇಳಿಜಾರನ್ನು ಕಂಡ ಸವಾರನಿಗೆ ಏರಿಬಿಡಬೇಕೆನ್ನಿಸುವುದು ಸಹಜ. ಗಡ್ಡೆಯ ಟೈರು ಒಂದು ಸಲ ಹಾದುಹೋದಲ್ಲಿ ಹುಲ್ಲಿನ ಬೇರು ಹರಿದು ಮಣ್ಣು ಬಯಲಾಗುತ್ತದೆ. ಹರಡಿ ಇಂಗುತ್ತಿದ್ದ ಮಳೆನೀರು ಆ ಗೀರಿನಲ್ಲಿ ಒಟ್ಟುಗೂಡಿ ಓಡುತ್ತದೆ. ಓಡುವ ನೀರು ಗೀರನ್ನು ಕೊರೆದು ಕೊರಕಲು ಮಾಡುತ್ತದೆ. ಅಲ್ಲಿಂದ ಕೊಚ್ಚಿಬಂದ ಮಣ್ಣು ಕೊನೆಗೆ ಸೇರುವುದು ನೇತ್ರಾವತಿಯನ್ನೇ. ನೇತ್ರಾವತಿ ಹುಟ್ಟುವುದು ಆ ಬೆಟ್ಟಗಳಲ್ಲಿ. ಪಾಣೆಮಂಗಳೂರಿನ ಸೇತುವೆಯ ಕೆಳಗೆ ಕೆಂಪಗೆ ಹರಿಯುವುದೂ ಅದೇ ನೀರು. ೨೦೧೯ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಟ್ಟ ಹಲವು ಕಡೆ ಕುಸಿದು ಸಂಚಾರ ನಿಂತುಹೋದುದನ್ನು ಕಂಡವರಿಗೆ ಈ ಬೆಟ್ಟಗಳ ಮಣ್ಣು ಎಷ್ಟು ನಾಜೂಕೆಂದು ವಿವರಿಸಬೇಕಾಗಿಲ್ಲ. ರಕ್ಷಿತ ಅರಣ್ಯದೊಳಗೆ ಅನುಮತಿಯಿಲ್ಲದೆ ಯಂತ್ರ ನುಗ್ಗಿಸುವುದು ಅಪರಾಧ; ಅಪರಾಧವಲ್ಲದಿದ್ದರೂ ಅದು ಸಾಹಸವಲ್ಲ. ಒಡೆಯನ ಒಪ್ಪಿಗೆ ಪಡೆದ ತೋಟದ ಮಣ್ಣುದಾರಿ, ಕೈಬಿಟ್ಟ ಮುರಕಲ್ಲಿನ ಗಣಿ, ಅಭ್ಯಾಸಕ್ಕೆಂದೇ ಮೀಸಲಿಟ್ಟ ಬಯಲು, ಕಲಿಯುವವನಿಗೆ ಇಷ್ಟು ಸಾಕು.

ಕಲಿತವರು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನಗಳಿವೆ. ಬೆಂಗಳೂರಿನ ಸಿ. ಎಸ್. ಸಂತೋಷ್ ೨೦೧೫ರಲ್ಲಿ ಡಾಕರ್ ಓಟವನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅವರ ಸ್ಥಾನ ೩೬. ನಮ್ಮ ಕರಾವಳಿಯ ಉಡುಪಿಯವರಾದ ಕೆ. ಪಿ. ಅರವಿಂದ್ ೨೦೧೯ರಲ್ಲಿ ಪೆರು ದೇಶದ ಮರಳುದಿಬ್ಬಗಳಲ್ಲಿ ನಡೆದ ಡಾಕರನ್ನು ೩೭ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ ಅದೇ ೨೦೧೯ರಲ್ಲಿ ಬಾಹಾ ಓಟಗಳ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಇವರ ಓಟದ ಯಂತ್ರಗಳ ಚಿತ್ರಗಳನ್ನು ನೋಡಿರಿ. ಲೋಹದ ಪೆಟ್ಟಿಗೆಗಳೆಲ್ಲಿ? ಕಬ್ಬಿಣದ ಪಂಜರವೆಲ್ಲಿ? ಅನಾವಶ್ಯಕವಾದುದೊಂದೂ ಅಲ್ಲಿಲ್ಲ. ಅಷ್ಟಿದ್ದೂ ೨೦೨೧ರ ಡಾಕರಿನಲ್ಲಿ ಸಂತೋಷ್ ಅವರು ಬಿದ್ದು ತಲೆಗೆ ತೀವ್ರವಾದ ಪೆಟ್ಟು ತಿನ್ನಬೇಕಾಯಿತು. ವರ್ಷಗಟ್ಟಲೆ ಸಾಧನೆ ಮಾಡಿದವರಿಗೇ ನೆಲ ಹೀಗೆ ಕಠೋರವಾಗಿರುವಲ್ಲಿ, ಸಾಧನೆಯ ಬದಲು ಸಾಮಾನನ್ನು ಕೊಂಡವರ ಪಾಡೇನು?

ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ. ಒಂದು ನೋಟುಪುಸ್ತಕವನ್ನಿಡಿರಿ. ಯಂತ್ರದ ತೂಕ, ಎರಡು ಗಾಲಿಗಳ ಮೇಲಿನ ಭಾರ, ಸ್ಪ್ರಿಂಗಿನ ಕುಸಿತ, ಗಾಳಿಯ ಒತ್ತಡ, ಗಾಳಿಯ ಬಾಯಿಯ ಎತ್ತರಗಳನ್ನು ಅದರಲ್ಲಿ ಬರೆಯಿರಿ. ಬೇಡವಾದುದನ್ನು ಬಿಚ್ಚಿ ಮತ್ತೊಮ್ಮೆ ಅಳೆಯಿರಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ, ಕಂಡುದನ್ನು ಬರೆಯಿರಿ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯದು. ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ಕಲಿಸಿದ ಕ್ರಮವೇ ಇದು.

ನಮ್ಮ ಯಂತ್ರ ಈಗಲೂ ಓಡುತ್ತಿದೆ. ತಕ್ಕಡಿಯಲ್ಲಿಟ್ಟ ೩೧ ಕಿಲೋಗ್ರಾಮಿನಲ್ಲಿ ಮತ್ತೆ ಹಾಕಿಕೊಂಡದ್ದು ತಳ ಕಾಯುವ ತಗಡು, ಕೈಗಳ ಕಾವಲು ಎರಡೇ. ಅವುಗಳ ತೂಕ ೪ ಕಿಲೋಗ್ರಾಂ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ತೋಟದ ಇಳಿಜಾರಿನಲ್ಲಿ ಹೋದಾಗ ಮುಂದಿನ ಗಾಲಿ ಮತ್ತೊಮ್ಮೆ ಜಾರಿತು. ಕಾಲೂರಿದೆವು; ಯಂತ್ರ ನಿಂತಿತು. ತೋಟದಲ್ಲಿದ್ದವರು ಈ ಸಲ ಓಡಿಬರಬೇಕಾಗಲಿಲ್ಲ.